ವಿಷಕ್ಕೆ ಇದ್ದಲು

ಇದ್ದಲು ಎಂಬುದು ಎಲ್ಲರೂ ಬಲ್ಲ ಪದಾರ್ಥ. ಕಮ್ಮಾರನ ಕುಲುಮೆಯಲ್ಲಿ ಅದು ಉರಿದು ಕಬ್ಬಿಣವನ್ನು ಮೆತ್ತಗೆ ಮಾಡುತ್ತದೆ. ಇಸ್ತ್ರಿಪೆಟ್ಟಿಗೆಯೊಳಗೆ ಕೆಂಡವಾಗಿ ಕುಳಿತು ಬಟ್ಟೆಯ ಸುಕ್ಕನ್ನು ತೆಗೆಯುತ್ತದೆ. ನಮ್ಮ ಹಿರಿಯರ ಕೈಯಲ್ಲಿ ಅದು ಹಲ್ಲುಪುಡಿಯೂ ಆಗಿತ್ತು. ಮುಟ್ಟಿದರೆ ಕೈಯನ್ನು ಕಪ್ಪು ಮಾಡುವ, ಮೂಸಿದರೆ ವಾಸನೆಯಿಲ್ಲದ, ನಾಲಗೆಗಿಟ್ಟರೆ ರುಚಿಯಿಲ್ಲದ ಈ ಬಡ ವಸ್ತುವು ಪ್ರಾಣವನ್ನುಳಿಸುವ ಔಷಧಗಳ ಪಂಕ್ತಿಯಲ್ಲಿ ಕುಳಿತಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಆದರೆ ಮಾತು ನಿಜ. ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸುವ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ, ವಿಷಹರ ದ್ರವ್ಯಗಳ ಸಾಲಿನಲ್ಲಿ, ಇದ್ದಲಿನ ಹೆಸರುಂಟು. ವೈದ್ಯರು ಅದನ್ನು ಆಕ್ಟಿವೇಟೆಡ್ ಚಾರ್ಕೋಲ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ನಾವು ಪಟುಗೊಳಿಸಿದ ಇದ್ದಲು ಎನ್ನಬಹುದು. ಅದು ವಿಷವನ್ನು ಹೇಗೆ ತಡೆಯುತ್ತದೆ, ಯಾವ ವಿಷವನ್ನು ತಡೆಯಲಾರದು, ಅದನ್ನು ಯಾರು ಯಾವಾಗ ಕೊಡತಕ್ಕದ್ದು ಎಂಬ ಮೂರು ಪ್ರಶ್ನೆಗಳನ್ನು ಈ ಹೊತ್ತು ವಿಚಾರಮಾಡೋಣ.

ವಿಷಚಿಕಿತ್ಸೆಯು ನಮ್ಮ ನಾಡಿಗೆ ಹೊಸದಲ್ಲ. 14ನೆಯ ಶತಮಾನದಲ್ಲಿದ್ದ ಮಂಗರಾಜನೆಂಬ ಕವಿಯು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ವಿಷವೈದ್ಯಕ್ಕಾಗಿಯೇ ಕನ್ನಡದಲ್ಲಿ ರಚಿಸಿದನು. ನಮ್ಮ ಹಿಂದಿನ ವೈದ್ಯರು ವಿಷಗಳನ್ನು ಸ್ಥಾವರವೆಂದೂ ಜಂಗಮವೆಂದೂ ಎರಡಾಗಿ ವಿಂಗಡಿಸಿದ್ದರು. ಗಿಡಮರಗಳಿಂದಲೂ ಖನಿಜಗಳಿಂದಲೂ ಬಂದದ್ದು ಸ್ಥಾವರ. ಹಾವು ಚೇಳುಗಳಿಂದ ಬಂದದ್ದು ಜಂಗಮ. ಈ ವಿಂಗಡಣೆಯು ನಮ್ಮ ಇಂದಿನ ವಿಷಯಕ್ಕೂ ಒಂದು ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಹಾವು ಕಚ್ಚಿದರೆ ವಿಷವು ಮಾಂಸದ ಮೂಲಕ ದೇಹವನ್ನು ಸೇರುತ್ತದೆ. ಹೊಟ್ಟೆಯಲ್ಲಿರುವ ಇದ್ದಲಿಗೂ ಅದಕ್ಕೂ ಭೇಟಿಯೇ ಇಲ್ಲ. ಆದಕಾರಣ ಜಂಗಮ ವಿಷಕ್ಕೆ ಇದ್ದಲು ಔಷಧವಲ್ಲ. ಬಾಯಿಂದ ನುಂಗಿ, ಇನ್ನೂ ಜಠರದಲ್ಲಿಯೋ ಕರುಳಿನಲ್ಲಿಯೋ ಇರುವ ವಿಷದ ಮೇಲೆ ಮಾತ್ರ ಅದರ ಅಧಿಕಾರ ನಡೆಯುತ್ತದೆ.

ಮಂಗರಾಜನು ಕಾಣದಿದ್ದ ವಿಷಗಳು ಇಂದು ಮನೆಮನೆಯಲ್ಲಿವೆ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಮುನವಳ್ಳಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಮಲಪ್ರಭೆಯ ದಡದಲ್ಲಿರುವ, ಪಂಚಲಿಂಗೇಶ್ವರನ ಪುರಾತನ ದೇವಾಲಯವುಳ್ಳ ಊರು ಅದು. ಸುತ್ತಲೂ ಎರೆಭೂಮಿ, ಜೋಳ, ಹತ್ತಿ, ಗೋವಿನಜೋಳ, ಕಬ್ಬುಗಳ ಬೆಳೆ. ನವಿಲುತೀರ್ಥದ ಅಣೆಕಟ್ಟು 1972ರಲ್ಲಿ ಮುಗಿದ ಮೇಲೆ ಈ ಸೀಮೆಗೆ ನೀರಾವರಿ ಹೆಚ್ಚಿತು. ನೀರಾವರಿಯೂ ಹತ್ತಿಯೂ ಇರುವಲ್ಲಿ ಕೀಟನಾಶಕಗಳೂ ಇರುತ್ತವೆ. ರೈತರ ಮಾತಿನಲ್ಲಿ ಅದಕ್ಕೆ ವಿಷವೆಂಬ ಹೆಸರಿಲ್ಲ. ‘ಎಣ್ಣೆ’ ಎನ್ನುವರು, ಇಲ್ಲವೆ ‘ಔಷಧ’ ಎನ್ನುವರು. ಹೊಲದಲ್ಲಿ ಹೊಡೆದು ಮಿಕ್ಕ ಎಣ್ಣೆಯ ಬಾಟಲಿ ಮನೆಯ ಮೂಲೆಯನ್ನೋ ಗೋಡೆಯ ಗೂಡನ್ನೋ ಸೇರುತ್ತದೆ. ಮಗು ಅದನ್ನು ತಿಳಿಯದೆ ಕುಡಿಯಬಹುದು. ಸಾಲದಿಂದಲೋ ಮನೆಯ ಕಲಹದಿಂದಲೋ ನೊಂದ ಮನುಷ್ಯನ ಕೈ ಒಂದು ಕೆಟ್ಟ ಗಳಿಗೆಯಲ್ಲಿ ಅದರ ಕಡೆಗೆ ಚಾಚಬಹುದು.

ಇದು ಹಳ್ಳಿಯವರ ಸಂಕಟವೆಂದು ಪಟ್ಟಣದಲ್ಲಿರುವ ನಾವು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ಮನೆಯ ಔಷಧದ ಪೆಟ್ಟಿಗೆಯನ್ನು ತೆರೆದು ನೋಡಿದರೆ ಜ್ವರದ ಪ್ಯಾರಸಿಟಮಾಲ್, ಅಜ್ಜನ ಹೃದಯದ ಮಾತ್ರೆ, ಅಜ್ಜಿಯ ನಿದ್ರೆಯ ಮಾತ್ರೆ, ಮೂರ್ಛೆರೋಗದ ಮಾತ್ರೆ ಇವೆಲ್ಲವೂ ಅಲ್ಲಿವೆ. ಪ್ರಮಾಣದಲ್ಲಿದ್ದರೆ ಔಷಧ, ಮೀರಿದರೆ ವಿಷ. ಬಣ್ಣದ ಮಾತ್ರೆಯನ್ನು ಮಿಠಾಯಿಯೆಂದು ಭಾವಿಸುವ ಕೂಸಿಗೆ ಮುನವಳ್ಳಿಯೂ ಒಂದೇ, ಮೈಸೂರೂ ಒಂದೇ.

ಇನ್ನು ಇದ್ದಲಿನ ವಿಷಯಕ್ಕೆ ಬರೋಣ. ಗಾಳಿಯಾಡದಂತೆ ಮುಚ್ಚಿ ಕಟ್ಟಿಗೆಯನ್ನು ಸುಟ್ಟರೆ ಉಳಿಯುವುದು ಸಾಮಾನ್ಯವಾದ ಇದ್ದಲು. ಅದರಲ್ಲಿ ಸಣ್ಣ ರಂಧ್ರಗಳಿವೆಯಾದರೂ ಅವುಗಳಲ್ಲಿ ಅನೇಕವು ಡಾಂಬರಿನಂಥ ಜಿಡ್ಡಿನಿಂದ ಮುಚ್ಚಿಹೋಗಿರುತ್ತವೆ. ಮರ, ತೆಂಗಿನ ಚಿಪ್ಪು ಮೊದಲಾದವುಗಳ ಇದ್ದಲನ್ನು ಸುಮಾರು 800ರಿಂದ 1000 ಡಿಗ್ರಿ ಸೆಂಟಿಗ್ರೇಡಿನ ಉಷ್ಣದಲ್ಲಿಟ್ಟು ಅದರ ಮೇಲೆ ನೀರಿನ ಹಬೆಯನ್ನು ಹಾಯಿಸಿದರೆ ಆ ಜಿಡ್ಡು ಸುಟ್ಟುಹೋಗಿ ರಂಧ್ರಗಳು ತೆರೆಯುತ್ತವೆ. ಒಂದು ರಂಧ್ರದೊಳಗೆ ಹತ್ತು, ಹತ್ತರೊಳಗೆ ನೂರು ಎಂಬಂತೆ ಹೊಸ ಸಂದುಗಳು ಹುಟ್ಟುತ್ತವೆ. ಇದೇ ಪಟುಗೊಳಿಸುವ ಕ್ರಮ. ಹೀಗೆ ಸಿದ್ಧವಾದ ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಅದು ಸುಮಾರು ಒಂದು ಸಾವಿರ ಚದರ ಮೀಟರು ಆಗುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ, ಚಿಟಿಕೆಯಷ್ಟು ಪುಡಿಯಲ್ಲಿ ಹತ್ತು ಗುಂಟೆ ಹೊಲ! ದೊಡ್ಡವರಿಗೆ ವೈದ್ಯರು ಕೊಡುವ 50 ಗ್ರಾಂ ಇದ್ದಲಿನಲ್ಲಿ ಹನ್ನೆರಡೂವರೆ ಎಕರೆಯ ಹೊಲ ಅಡಗಿದೆ.

ಇಷ್ಟು ವಿಸ್ತಾರವಾದ ಮೈಯಿಂದ ಪ್ರಯೋಜನವೇನು? ಅರಿವೆಯು ನೀರನ್ನು ಹೀರುವಂತೆ ಇದ್ದಲು ವಿಷವನ್ನು ಹೀರುವುದಿಲ್ಲ. ವಿಷದ ಅಣುಗಳು ಇದ್ದಲಿನ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಇದಕ್ಕೆ ವಿಜ್ಞಾನಿಗಳು ಅಧಿಶೋಷಣೆಯೆನ್ನುವರು. ಗೋಡೆಗೆ ಸುಣ್ಣ ಹತ್ತಿದಂತೆ ಎಂದು ತಿಳಿದರೆ ಸಾಕು. ಇದ್ದಲನ್ನು ನಮ್ಮ ಜಠರವು ಜೀರ್ಣಿಸಲಾರದು. ಕರುಳು ಅದನ್ನು ರಕ್ತಕ್ಕೆ ಸೇರಿಸಲಾರದು. ಹೇಗೆ ಒಳಹೊಕ್ಕಿತೋ ಹಾಗೆಯೇ ಅದು ಮಲದೊಡನೆ ಹೊರಬೀಳುತ್ತದೆ. ಹೋಗುವಾಗ ತನ್ನ ಮೈಗೆ ಅಂಟಿದ ವಿಷವನ್ನೂ ಕರೆದುಕೊಂಡು ಹೋಗುತ್ತದೆ. ವಿಷವನ್ನು ಅದು ಕೊಲ್ಲುವುದಿಲ್ಲ, ಒಡೆಯುವುದಿಲ್ಲ; ಊರೊಳಗೆ ಬಿಡದೆ ಗಡಿ ದಾಟಿಸುತ್ತದೆ, ಅಷ್ಟೆ. ವಿಷವು ಒಮ್ಮೆ ರಕ್ತವನ್ನು ಸೇರಿ ತನ್ನ ಕೆಲಸವನ್ನು ಆರಂಭಿಸಿದ ಮೇಲೆ ಈ ಕಾವಲುಗಾರನ ಕೈ ಬಹುಮಟ್ಟಿಗೆ ಕಟ್ಟಿದಂತೆಯೇ.

ಈ ಗುಣವು ಜನರಿಗೆ ಗೊತ್ತಾದ ಬಗೆಯು ಸ್ವಾರಸ್ಯವಾಗಿದೆ. ಇದ್ದಲು ಅನಿಲಗಳನ್ನು ಹಿಡಿದಿಡುತ್ತದೆಂದು ಸ್ವೀಡನ್ನಿನ ಷೀಲೆಯು 1773ರಲ್ಲಿ ಕಂಡನು. ಬಣ್ಣಗೂಡಿದ ದ್ರಾವಣಗಳನ್ನು ಅದು ತಿಳಿಯಾಗಿಸುವುದನ್ನು ರಷ್ಯದಲ್ಲಿದ್ದ ಲೋವಿಟ್ಸ್ 1785ರಲ್ಲಿ ತೋರಿಸಿದನು. 19ನೆಯ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನ ಇಬ್ಬರು ಸಾಹಸಿಗಳು ತಮ್ಮ ದೇಹವನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡರು. ಬರ್ತ್ರಾಂ ಎಂಬವನು 1813ರಲ್ಲಿ ಪಾಷಾಣವನ್ನು ಇದ್ದಲಿನೊಡನೆ ನುಂಗಿ ಬದುಕಿದನೆಂದೂ, ತೂಯೆರಿ ಎಂಬ ಔಷಧಶಾಸ್ತ್ರಜ್ಞನು 1831ರಲ್ಲಿ ಪ್ಯಾರಿಸಿನ ವೈದ್ಯ ಪರಿಷತ್ತಿನ ಮುಂದೆ ಸ್ಟ್ರಿಕ್ನೀನನ್ನು ಇದ್ದಲಿನೊಡನೆ ನುಂಗಿ ಏನೂ ಆಗದೆ ನಿಂತನೆಂದೂ ವೈದ್ಯಶಾಸ್ತ್ರದ ಇತಿಹಾಸಕಾರರು ಹೇಳುತ್ತಾರೆ. ಸ್ಟ್ರಿಕ್ನೀನ್ ಎಂಬುದು ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿರುವ ವಿಷ. ಈ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ತೂಯೆರಿಯು ವಿಷವನ್ನೂ ಇದ್ದಲನ್ನೂ ಬೆರೆಸಿ ಒಂದೇ ಕಾಲದಲ್ಲಿ ನುಂಗಿದನು. ವಿಷವು ಹೊಟ್ಟೆಯನ್ನು ಸೇರುವ ಮೊದಲೇ ಕಾವಲುಗಾರನ ಕೈಯಲ್ಲಿ ಸಿಕ್ಕಿತ್ತು. ನಿಜವಾದ ಆಪತ್ತಿನಲ್ಲಿ ಹಾಗೆ ಆಗುವುದಿಲ್ಲ. ವಿಷವು ಮುಂದೆ ಓಡಿರುತ್ತದೆ. ಇದ್ದಲು ಹಿಂದಿನಿಂದ ಅಟ್ಟಿಕೊಂಡು ಹೋಗಬೇಕು.

ಮೊದಲನೆಯ ಮಹಾಯುದ್ಧದಲ್ಲಿ 1915ರಿಂದ ವಿಷಾನಿಲದ ಪ್ರಯೋಗವು ನಡೆದಾಗ ಸೈನಿಕರ ಮುಖವಾಡಗಳೊಳಗೆ ಇದ್ದಲನ್ನು ತುಂಬಿ ಪ್ರಾಣಗಳನ್ನು ಉಳಿಸಿದರು. ತೆಂಗಿನ ಚಿಪ್ಪಿನಿಂದಾದ ಇದ್ದಲು ಇದಕ್ಕೆ ಬಹಳ ಯೋಗ್ಯವೆಂದು ಕಂಡುಬಂದಿತು. ನಮ್ಮ ತಿಪಟೂರಿನ ಕಡೆಯ ಜನರು ಕೊಬ್ಬರಿಯನ್ನು ತೆಗೆದು ಬಿಸಾಡುವ ಚಿಪ್ಪಿನಲ್ಲಿ ಇಂಥ ಶಕ್ತಿ ಅಡಗಿರುವುದನ್ನು ತಿಳಿದರೆ ಸಂತೋಷವಾಗುತ್ತದೆ.

ಈಗ ಪ್ರಮಾಣದ ಮಾತು. ಹಿಡಿಯಬೇಕಾದ ವಿಷದ ತೂಕಕ್ಕಿಂತ ಇದ್ದಲು ಹತ್ತರಷ್ಟು ಇರಬೇಕೆಂಬುದು ಸಾಮಾನ್ಯವಾದ ನಿಯಮ. ವಿಷದ ತೂಕವು ತಿಳಿಯದಿದ್ದಾಗ ದೇಹದ ತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ಒಂದು ಗ್ರಾಮಿನಂತೆ, ದೊಡ್ಡವರಿಗೆ 50 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದಲನ್ನು ನೀರಿನಲ್ಲಿ ಕಲಸಿ ಕುಡಿಸುವರು. ಔಷಧದಂಗಡಿಯಲ್ಲಿ ಹೊಟ್ಟೆಯುಬ್ಬರಕ್ಕೆಂದು ಮಾರುವ ಇದ್ದಲಿನ ಗುಳಿಗೆಯಲ್ಲಿ ಇರುವುದು ಸುಮಾರು ಕಾಲು ಗ್ರಾಂ. ಅಂದರೆ ವೈದ್ಯರು ಒಮ್ಮೆ ಕೊಡುವ ಇದ್ದಲಿಗೆ ಇಂಥ ಇನ್ನೂರು ಗುಳಿಗೆಗಳು ಬೇಕು. ಎರಡು ಗುಳಿಗೆಗಳನ್ನು ನುಂಗಿಸಿ ವಿಷವು ಇಳಿಯಿತೆಂದು ಕುಳಿತರೆ ಕಳೆದುಕೊಳ್ಳುವುದು ಗುಳಿಗೆಯ ಬೆಲೆಯನ್ನಲ್ಲ, ಹೊತ್ತನ್ನು.

ಹೊತ್ತೇ ಇಲ್ಲಿ ಮುಖ್ಯ. ಆರೋಗ್ಯವಂತರಾದ ಸ್ವಯಂಸೇವಕರಿಗೆ ಅಪಾಯವಿಲ್ಲದ ಪ್ರಮಾಣದಲ್ಲಿ ಔಷಧವನ್ನು ಕೊಟ್ಟು, ಅನಂತರ ಇದ್ದಲನ್ನು ಕುಡಿಸಿ ಪರೀಕ್ಷಿಸಿದ್ದಾರೆ. ಅರ್ಧ ಗಂಟೆಯ ಮೇಲೆ ಇದ್ದಲನ್ನು ಕೊಟ್ಟಾಗ ರಕ್ತವನ್ನು ಸೇರುವ ಔಷಧವು ಸರಾಸರಿಯಾಗಿ ಅರ್ಧಕ್ಕೆ ಹತ್ತಿರ ಕಡಮೆಯಾಯಿತು; ಎರಡು ಗಂಟೆ ಕಳೆದ ಮೇಲೆ ಕೊಟ್ಟಾಗ ಆರರಲ್ಲಿ ಒಂದು ಪಾಲು ಮಾತ್ರ ಕಡಮೆಯಾಯಿತು. ಇಂಥ ಪರೀಕ್ಷೆಗಳನ್ನು ವಿಮರ್ಶಿಸಿ ಅಮೆರಿಕ ಮತ್ತು ಯೂರೋಪುಗಳ ವಿಷವೈದ್ಯ ಸಂಘಗಳು 1997ರಲ್ಲಿಯೂ ಮತ್ತೆ 2005ರಲ್ಲಿಯೂ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದವು. ವಿಷಸೇವನೆಯಾದವರೆಲ್ಲರಿಗೂ ಇದ್ದಲನ್ನು ವಾಡಿಕೆಯಂತೆ ಕೊಡಕೂಡದು; ಇದ್ದಲಿಗೆ ಅಂಟುವ ವಿಷವನ್ನು ಹೆಚ್ಚು ಪ್ರಮಾಣದಲ್ಲಿ ನುಂಗಿ ಒಂದು ಗಂಟೆಯೊಳಗೆ ಬಂದವರಿಗೆ ಕೊಡುವುದನ್ನು ವೈದ್ಯರು ವಿಚಾರಿಸಬಹುದು ಎಂಬುದೇ ಆ ಅಭಿಪ್ರಾಯದ ತಾತ್ಪರ್ಯ. ನಿಧಾನವಾಗಿ ಕರಗುವ ಮಾತ್ರೆಗಳಾದರೆ ತಡವಾಗಿ ಕೊಟ್ಟರೂ ಫಲ ದೊರೆಯಬಹುದು.

ಇದಕ್ಕೆ ಒಂದು ವಿಶೇಷವೂ ಉಂಟು. ಕೆಲವು ಔಷಧಗಳು ರಕ್ತವನ್ನು ಸೇರಿದ ಮೇಲೆಯೂ ಕರುಳಿನ ಗೋಡೆಯ ಮೂಲಕ ಒಳಗೂ ಹೊರಗೂ ಓಡಾಡುತ್ತಿರುತ್ತವೆ. ಕರುಳಿನಲ್ಲಿ ಇದ್ದಲು ಕಾದು ಕುಳಿತಿದ್ದರೆ ಹೊರಬಂದ ಅಣುವು ಅದಕ್ಕೆ ಅಂಟಿ ಮರಳಿ ಹೋಗಲಾರದು. ಹೀಗೆ ಕೆಲವು ಗಂಟೆಗಳಿಗೊಮ್ಮೆ ಇದ್ದಲನ್ನು ಕೊಡುತ್ತ ಹೋದರೆ ರಕ್ತವೇ ಕ್ರಮವಾಗಿ ಶುದ್ಧಿಯಾಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್ ಮತ್ತು ಫೀನೊಬಾರ್ಬಿಟಾಲ್, ಉಬ್ಬಸದ ಥಿಯೊಫಿಲಿನ್, ಮಲೇರಿಯದ ಕ್ವಿನೈನ್, ಕುಷ್ಠರೋಗದ ಡ್ಯಾಪ್ಸೋನ್ ಇವುಗಳ ಮಿತಿಮೀರಿದ ಸೇವನೆಯಲ್ಲಿ ಈ ಕ್ರಮಕ್ಕೆ ಬೆಲೆಯುಂಟು.

ಇಷ್ಟು ಸ್ತೋತ್ರವಾದ ಮೇಲೆ ಇದ್ದಲಿನ ಅಶಕ್ತಿಯನ್ನೂ ಹೇಳುವುದು ನ್ಯಾಯ. ಸಣ್ಣ ಅಣುಗಳೂ ಲೋಹಗಳೂ ಲವಣಗಳೂ ಅದಕ್ಕೆ ಅಂಟುವುದಿಲ್ಲ. ಮಕ್ಕಳು ಮಿಠಾಯಿಯೆಂದು ತಿನ್ನುವ ಕಬ್ಬಿಣದ ಮಾತ್ರೆಗೆ ಇದ್ದಲು ಮದ್ದಲ್ಲ, ಲಿಥಿಯಮ್ಮಿಗೂ ಅಲ್ಲ. ಶೌಚಗೃಹ ತೊಳೆಯುವ ಆಮ್ಲವನ್ನೋ ತೀಕ್ಷ್ಣವಾದ ಕ್ಷಾರವನ್ನೋ ಕುಡಿದರೆ ಇದ್ದಲು ಹಿತಕ್ಕಿಂತ ಅಹಿತವನ್ನೇ ಮಾಡುತ್ತದೆ. ಸುಟ್ಟ ಅನ್ನನಾಳವನ್ನು ವೈದ್ಯರು ನೋಡದಂತೆ ಕಪ್ಪು ಬಳಿದುಬಿಡುತ್ತದೆ. ಸೀಮೆಎಣ್ಣೆಗೂ ಅದನ್ನು ಕೊಡುವುದಿಲ್ಲ. ಮದ್ಯಸಾರಗಳಿಗೂ ಅದು ಅಸಮರ್ಥ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿಯನ್ನು ಕುಡಿದು ಮುನ್ನೂರಕ್ಕೂ ಮಿಕ್ಕಿ ಜನರು ಮಡಿದರು. ಅದರಲ್ಲಿದ್ದ ವಿಷವು ಮಿಥೈಲ್ ಮದ್ಯಸಾರ. ಅಂಥ ವಿಷದ ಮುಂದೆ ಬಂಡಿ ತುಂಬ ಇದ್ದಲಿದ್ದರೂ ವ್ಯರ್ಥ. ಅದರ ಚಿಕಿತ್ಸೆಯ ಮಾರ್ಗವೇ ಬೇರೆ.

ಕೀಟನಾಶಕಗಳ ವಿಷಯವೇನು? ಮುನವಳ್ಳಿಯಂಥ ಊರುಗಳಿಗೆ ಇದೇ ಮುಖ್ಯ ಪ್ರಶ್ನೆ. ನೆರೆಯ ಶ್ರೀಲಂಕೆಯಲ್ಲಿ ಇದರ ಪರೀಕ್ಷೆ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಲ್ಲಿ ಕೀಟನಾಶಕಗಳೊಡನೆ ಹಳದಿ ಕಣಗಿಲೆಯ ಬೀಜವೂ ಬಹುಜನರ ಪ್ರಾಣವನ್ನು ತೆಗೆದಿತ್ತು. ನಮ್ಮ ರಸ್ತೆಯ ಬದಿಗಳಲ್ಲಿಯೂ ದೇವಾಲಯಗಳ ಅಂಗಳದಲ್ಲಿಯೂ ಹೂಬಿಡುವ ಗಿಡವೇ ಅದು. 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಣಗಿಲೆಯ ಬೀಜವನ್ನು ತಿಂದಿದ್ದ 401 ಮಂದಿಯನ್ನು ಎರಡು ಪಂಗಡಗಳಾಗಿ ಮಾಡಿದರು. ಇದ್ದಲನ್ನು ಮತ್ತೆ ಮತ್ತೆ ಕೊಟ್ಟ ಪಂಗಡದಲ್ಲಿ 5 ಜನರೂ, ಒಂದೇ ಸಲ ಕೊಟ್ಟ ಪಂಗಡದಲ್ಲಿ 16 ಜನರೂ ಸತ್ತರು. ವೈದ್ಯಲೋಕವು ಹರ್ಷಿಸಿತು. ಆದರೆ 2008ರಲ್ಲಿ ಅದಕ್ಕಿಂತ ಬಹು ದೊಡ್ಡದಾದ, ಕೀಟನಾಶಕ ಸೇವಿಸಿದವರೇ ಅರ್ಧದಷ್ಟಿದ್ದ, 4632 ರೋಗಿಗಳ ಪರೀಕ್ಷೆಯ ಫಲವು ಹೊರಬಂದಿತು. ಇದ್ದಲನ್ನು ಹಲವು ಸಲ ಪಡೆದವರಲ್ಲಿ ನೂರಕ್ಕೆ 6.3, ಒಂದೇ ಸಲ ಪಡೆದವರಲ್ಲಿ 7.1, ಪಡೆಯದವರಲ್ಲಿ 6.8 ಜನರು ಮೃತರಾಗಿದ್ದರು. ಇವುಗಳ ನಡುವೆ ವ್ಯತ್ಯಾಸವೆಂದು ಹೇಳತಕ್ಕದ್ದೇನೂ ಇಲ್ಲ. ಆದರೆ ಈ ರೋಗಿಗಳಲ್ಲಿ ಬಹಳ ಮಂದಿ ಪರೀಕ್ಷೆಗೆ ಸೇರುವ ಹೊತ್ತಿಗೆ ವಿಷವನ್ನು ನುಂಗಿ ನಾಲ್ಕು ಗಂಟೆ ಕಳೆದಿತ್ತು. ಕಳ್ಳನು ಊರು ಬಿಟ್ಟ ಮೇಲೆ ಬಾಗಿಲಿಗೆ ಕಾವಲಿಟ್ಟರೆ ಆಗುವ ಪ್ರಯೋಜನವೆಷ್ಟೋ ಅಷ್ಟೇ ಆಗಿರಬೇಕು.

ನಮ್ಮ ನಾಡಿನ ಒಂದು ದುರಂತವನ್ನೂ ಇಲ್ಲಿ ಸ್ಮರಿಸಬೇಕಾಗಿದೆ. 2018ನೆಯ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದವನ್ನುಂಡ ಭಕ್ತರಲ್ಲಿ 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನರು ನರಳಿದರು. ಪ್ರಸಾದದಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕವು ಬೆರೆತಿತ್ತು. ಇಂಥ ವಿಷಗಳು ನರಗಳ ಮೂಲಕ ಶ್ವಾಸವನ್ನೇ ನಿಲ್ಲಿಸುತ್ತವೆ. ಅವುಗಳಿಗೆ ಬೇಕಾದದ್ದು ಅಟ್ರೋಪೀನ್ ಎಂಬ ಪ್ರತಿವಿಷ, ಉಸಿರಾಟವನ್ನು ನಡೆಸಿಕೊಡುವ ಯಂತ್ರ, ಬಟ್ಟೆಯನ್ನು ಕಳಚಿ ಮೈ ತೊಳೆಯುವ ಕೈಗಳು. ಸುಳ್ವಾಡಿಯ ರೋಗಿಗಳಲ್ಲಿ ಅನೇಕರನ್ನು ನೂರು ಕಿಲೋಮೀಟರಿಗೂ ಮೀರಿದ ಹಾದಿಯಲ್ಲಿ ಮೈಸೂರಿಗೆ ಒಯ್ಯಬೇಕಾಯಿತು. ಮುನವಳ್ಳಿಗೆ ಸವದತ್ತಿಯ ಆಸ್ಪತ್ರೆಯು ಸಮೀಪದಲ್ಲಿದೆ. ಆದರೆ ಬೆಳಗಾವಿ, ಹುಬ್ಬಳ್ಳಿಗಳ ದೊಡ್ಡ ಆಸ್ಪತ್ರೆಗಳನ್ನು ಮುಟ್ಟಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಇದ್ದಲಿನ ಒಂದು ಗಂಟೆಯು ದಾರಿಯಲ್ಲಿಯೇ ತೀರಿಹೋಗುತ್ತದೆ. ಆದಕಾರಣ ವಿಷಚಿಕಿತ್ಸೆಯು ಮೊದಲು ನಿಲ್ಲಬೇಕಾದ ಸ್ಥಳವು ರಾಜಧಾನಿಯಲ್ಲ. ರೋಗಿಗೆ ಅತ್ಯಂತ ಸಮೀಪವಾದ ಆಸ್ಪತ್ರೆ. ಪಟುಗೊಳಿಸಿದ ಇದ್ದಲೂ ಅಟ್ರೋಪೀನೂ, ಅವನ್ನು ವಿವೇಚನೆಯಿಂದ ಉಪಯೋಗಿಸಬಲ್ಲ ವೈದ್ಯರೂ ಅಲ್ಲಿರಬೇಕು. ಇದಕ್ಕೆ ದೊಡ್ಡ ಬಂಡವಾಳವೇನೂ ಬೇಡ.

ಹಾಗಾದರೆ ಮನೆಯಲ್ಲಿಯೇ ಇದ್ದಲನ್ನು ಕೊಟ್ಟರೆ ಹೊತ್ತು ಉಳಿಯುವುದಲ್ಲವೆ ಎಂದು ಬುದ್ಧಿವಂತರು ಕೇಳಬಹುದು. ಕೊಡಕೂಡದು, ಅದಕ್ಕೆ ಕಾರಣಗಳಿವೆ. ಒಲೆಯ ಇದ್ದಲಾಗಲಿ ಸೀದ ರೊಟ್ಟಿಯ ಕರಿಯಾಗಲಿ ಪಟುವಾದುದಲ್ಲ. ಅದರ ಹೊಲಕ್ಕೆ ಹತ್ತು ಗುಂಟೆಯ ವಿಸ್ತಾರವಿಲ್ಲ. ಒಂದು ಕಾಲದಲ್ಲಿ ಪಾಶ್ಚಾತ್ಯರು ಇದ್ದಲು, ಮೆಗ್ನೀಷಿಯ, ಟ್ಯಾನಿಕ್ ಆಮ್ಲ ಇವುಗಳನ್ನು ಬೆರೆಸಿ ಸರ್ವವಿಷಹರವೆಂದು ಕರೆದರು. ಮನೆಗಳಲ್ಲಿ ಅದರ ಬದಲು ಸೀದ ರೊಟ್ಟಿ, ಕಡುಚಹಗಳನ್ನು ಕೊಟ್ಟದ್ದೂ ಉಂಟು. ಅದು ನಿಷ್ಫಲವೆಂದು ಸಿದ್ಧವಾಗಿ ಬಹುಕಾಲವಾಯಿತು. ಎರಡನೆಯದಾಗಿ, ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ಏನನ್ನು ಹೊಯ್ದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಇದ್ದಲು ಪುಪ್ಪುಸವನ್ನು ಸೇರಿದರೆ ವಿಷಕ್ಕಿಂತ ಮೊದಲು ಅದೇ ಪ್ರಾಣಕ್ಕೆ ಎರವಾದೀತು. ಆಸ್ಪತ್ರೆಯಲ್ಲಿಯೂ ರೋಗಿಯ ಎಚ್ಚರವನ್ನು ನೋಡಿ, ಅಗತ್ಯವಾದರೆ ಶ್ವಾಸನಾಳಕ್ಕೆ ಕೊಳವೆಯ ರಕ್ಷಣೆಯನ್ನಿತ್ತ ಮೇಲೆಯೇ ಇದ್ದಲನ್ನು ಕೊಡುವರು. ಮೂರನೆಯದಾಗಿ, ವಿಷವು ಯಾವುದೆಂಬ ನಿರ್ಣಯವನ್ನು ಮಾಡಬೇಕಾದವರು ವೈದ್ಯರು. ಪ್ಯಾರಸಿಟಮಾಲಿಗೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತ್ಯೇಕ ಮದ್ದು ಇದೆ. ಯಕೃತ್ತು ಕೆಡುವ ಮೊದಲೇ ಅದನ್ನು ಕೊಡಬೇಕು. ನುಂಗಿದವರು ಮೊದಲ ದಿನ ಚೆನ್ನಾಗಿಯೇ ಕಾಣುವರೆಂಬುದರಿಂದ ಮೋಸಹೋಗಬಾರದು.

ಮನೆಯವರು ಮಾಡತಕ್ಕದ್ದಿಷ್ಟೆ. ಉಪ್ಪುನೀರು, ಸಾಬೂನಿನ ನೀರು, ಸೆಗಣಿಯ ನೀರು ಮುಂತಾದವುಗಳನ್ನು ಕುಡಿಸಿ ವಾಂತಿ ಮಾಡಿಸಬಾರದು. ಮೈಮೇಲೆ ವಿಷವು ಚೆಲ್ಲಿದ್ದರೆ ಬಟ್ಟೆಯನ್ನು ತೆಗೆದು ನೀರಿನಿಂದ ತೊಳೆಯಬೇಕು. ತೊಳೆಯುವವರು ತಮ್ಮ ಕೈಗೆ ವಿಷವು ತಾಗದಂತೆ ನೋಡಿಕೊಳ್ಳಬೇಕು. ಎಚ್ಚರ ತಪ್ಪಿದವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. 108ಕ್ಕೆ ಕರೆಮಾಡಿ, ಇಲ್ಲವೆ ಸಿಕ್ಕಿದ ವಾಹನದಲ್ಲಿ, ಹತ್ತಿರದ ಆಸ್ಪತ್ರೆಗೆ ಕೂಡಲೆ ಒಯ್ಯಬೇಕು. ಬಾಟಲಿಯನ್ನೋ ಮಾತ್ರೆಯ ಹಾಳೆಯನ್ನೋ ಜೊತೆಯಲ್ಲಿ ತೆಗೆದುಕೊಂಡು ಹೋಗುವುದನ್ನು ಮರೆಯಬಾರದು. ಅದರ ಮೇಲಿನ ಒಂದು ಸಾಲು ವೈದ್ಯರಿಗೆ ಅರ್ಧ ಗಂಟೆಯನ್ನು ಉಳಿಸಿಕೊಡಬಲ್ಲುದು. ಯಾವಾಗ ನುಂಗಿದರು ಎಂಬುದನ್ನು ನಾಚಿಕೆಯಿಂದಾಗಲಿ ಪೋಲೀಸರ ಭಯದಿಂದಾಗಲಿ ಮುಚ್ಚಿಡಬಾರದು. ಗಂಟೆಯ ಲೆಕ್ಕವು ತಪ್ಪಿದರೆ ಚಿಕಿತ್ಸೆಯ ಲೆಕ್ಕವೂ ತಪ್ಪುತ್ತದೆ.

ಕೊನೆಯದಾಗಿ ಒಂದು ಮಾತು. ಇದ್ದಲು ಒಳ್ಳೆಯ ಕಾವಲುಗಾರ. ಆದರೆ ಅದು ಬರುವುದು ವಿಷವು ಬಾಯನ್ನು ದಾಟಿದ ಮೇಲೆ. ಅದಕ್ಕಿಂತ ಮೊದಲಿನ ಕಾವಲು ನಮ್ಮದು. ಎಣ್ಣೆಯ ಬಾಟಲಿಗೆ ಒಂದು ಬೀಗದ ಪೆಟ್ಟಿಗೆ, ಮಾತ್ರೆಗಳಿಗೆ ಮಗುವಿನ ಕೈಗೆಟುಕದ ಒಂದು ಎತ್ತರ, ನೊಂದು ಮೌನವಾಗಿರುವವರ ಹತ್ತಿರ ಕುಳಿತು ಕೇಳುವ ಒಂದು ಮಾತು, ಇವು ಯಾವ ಔಷಧದಂಗಡಿಯಲ್ಲಿಯೂ ದೊರೆಯುವುದಿಲ್ಲ. ಮನಸ್ಸಿನ ಸಂಕಟದಲ್ಲಿರುವವರು ಕರೆಮಾಡಿ ಮಾತನಾಡಲೆಂದು 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರದ ವ್ಯವಸ್ಥೆಯು 14416 ಎಂಬ ಸಂಖ್ಯೆಯಲ್ಲಿ ನಡೆದಿದೆ. ಕನ್ನಡದಲ್ಲಿಯೂ ಅಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಡುವುದು ಪ್ರತಿಯೊಂದು ಮನೆಯವರೂ ಮಾಡಬಹುದಾದ ಕೆಲಸ.